ಮನೆಯೊಳಗಣ ಕಚೇರಿ

ಕಚೇರಿ ಎಂಬ ಶಬ್ದವನ್ನು ಕೇಳಿದೊಡನೆ ನಮ್ಮ ಕಣ್ಣೆದುರಿಗೆ ಬರುವುದು ಪೇಟೆಯ ದೊಡ್ಡ ಕಟ್ಟಡ, ಸಾಲು ಮೇಜುಗಳು, ಕಡತಗಳ ರಾಶಿ, ಬಾಗಿಲಲ್ಲಿ ನಿಂತ ಜವಾನ. ಮನೆಯಾದರೋ ಊಟ, ನಿದ್ರೆ, ಬಂಧುಬಳಗಗಳ ಸ್ಥಾನವೆಂದೂ, ಕಚೇರಿಯು ದುಡಿಮೆಯ ಸ್ಥಾನವೆಂದೂ ನಾವು ಇವೆರಡನ್ನು ಬೇರೆ ಬೇರೆಯಾಗಿಯೇ ಎಣಿಸಿಕೊಂಡು ಬಂದಿರುತ್ತೇವೆ. ೨೦೨೦ನೆಯ ಇಸವಿ ಮಾರ್ಚಿ ತಿಂಗಳಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ದೇಶವೆಲ್ಲ ಬಾಗಿಲು ಮುಚ್ಚಿದಾಗ ಈ ಎಣಿಕೆಯು ಒಮ್ಮೆಲೇ ತಲೆಕೆಳಗಾಯಿತು. ಬೆಂಗಳೂರು, ಮಂಗಳೂರುಗಳಲ್ಲಿ ನೌಕರಿಯಲ್ಲಿದ್ದ ನಮ್ಮ ಕಡೆಯ ಮಕ್ಕಳು ಅನೇಕರು ಗಣಕಯಂತ್ರವನ್ನು ಚೀಲದಲ್ಲಿಟ್ಟುಕೊಂಡು ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ತೋಟದ ಮನೆಗಳಿಗೆ ಬಂದು ಸೇರಿದರು. ವ್ಯಾಧಿಯು ಇಳಿದ ಮೇಲೆ ಕೆಲವರು ಪಟ್ಟಣಕ್ಕೆ ಮರಳಿದರು. ಕೆಲವರು ಇಲ್ಲಿಯೇ ಉಳಿದು, ಲೆಕ್ಕಪತ್ರ, ಭಾಷಾಂತರ, ಪಾಠ ಹೇಳುವಿಕೆ, ಗಣಕಯಂತ್ರದ ಬರವಣಿಗೆ ಮೊದಲಾದ ಕೆಲಸಗಳನ್ನು ಮನೆಯಿಂದಲೇ ನಡೆಸುತ್ತಿದ್ದಾರೆ. ಇಂತಹವರಿಗಾಗಿಯೂ, ಮುಂದೆ ಇಂತಹ ಉದ್ಯೋಗವನ್ನು ಕೈಕೊಳ್ಳಲಿರುವ ನಮ್ಮ ವಿದ್ಯಾರ್ಥಿನಿಯರಿಗಾಗಿಯೂ, ಮನೆಯೊಳಗೆ ಕೆಲಸದ ಸ್ಥಾನವನ್ನು ಹೇಗೆ ಏರ್ಪಡಿಸಿಕೊಳ್ಳಬೇಕೆಂಬ ವಿಚಾರವಾಗಿ ನಾಲ್ಕು ಮಾತುಗಳನ್ನು ಬರೆಯಲು ಉದ್ದೇಶಿಸಿರುತ್ತೇವೆ.

ಸೂಕ್ಷ್ಮವಾಗಿ ನೋಡಿದರೆ, ಮನೆಯಲ್ಲಿ ಕುಳಿತು ದುಡಿಯುವುದು ನಮ್ಮ ಸೀಮೆಗೆ ಹೊಸತಲ್ಲ. ಅಡಿಕೆಯನ್ನು ಒಣಗಿಸಿ ಸುಲಿದು ಆರಿಸುವುದು ಮನೆಯ ಅಂಗಳದಲ್ಲಿಯೂ ಚಾವಡಿಯಲ್ಲಿಯೂ ನಡೆಯುವ ಕೆಲಸ. ಬೀಡಿ ಕಟ್ಟುವ ಸಾವಿರಾರು ಸ್ತ್ರೀಯರು ಎಷ್ಟೋ ವರ್ಷಗಳಿಂದ ಜಗಲಿಯ ಮೇಲೆ ಗೆರಸೆಯನ್ನು ತೊಡೆಯ ಮೇಲಿಟ್ಟುಕೊಂಡು ಸಂಸಾರಗಳನ್ನು ಸಾಕಿರುತ್ತಾರೆ. ೧೯೬೬ನೆಯ ಇಸವಿಯ ಬೀಡಿ ಕಾರ್ಮಿಕರ ಕಾನೂನು ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದೇ ಗಣಿಸಿತು. ಆದರೆ ಕಾನೂನು ಕಂಡದ್ದನ್ನು ಮನೆಯವರು ಕಾಣಲಿಲ್ಲ. ಅವಳಿಗೆ ಬೆನ್ನು ಊರುವುದಕ್ಕೆ ಒಂದು ಗೋಡೆಯನ್ನಾಗಲಿ, ಕಣ್ಣಿಗೆ ತಕ್ಕ ಬೆಳಕನ್ನಾಗಲಿ ಯೋಚಿಸಿ ಒದಗಿಸಿದ ಮನೆಗಳು ಎಷ್ಟು? ಅಡುಗೆಯ ನಡುವೆ, ಮಗುವಿನ ಅಳುವಿನ ನಡುವೆ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಅವಳು ಕುಳಿತಳು. ದುಡಿಮೆಯು ಮನೆಯಲ್ಲಿ ಇತ್ತು, ದುಡಿಯುವವಳಿಗೆ ಸ್ಥಾನವಿರಲಿಲ್ಲ.

ಸ್ಥಾನವೊಂದು ದೊರೆತರೆ ಹಳ್ಳಿಯ ಮಗ್ಗುಲಲ್ಲಿ ಕುಳಿತು ಎಷ್ಟು ಸಾಧಿಸಬಹುದೆಂಬುದಕ್ಕೆ ಪುತ್ತೂರಿನಲ್ಲಿಯೇ ನಿದರ್ಶನವುಂಟು. ಕೋಟದಲ್ಲಿ ೧೯೦೨ರಲ್ಲಿ ಜನಿಸಿದ ಡಾಕ್ಟರ್ ಶಿವರಾಮ ಕಾರಂತರು ಪುತ್ತೂರಿನ ಪರ್ಲಡ್ಕದ ಬಾಲವನದಲ್ಲಿ ಬಹುಕಾಲ ವಾಸವಾಗಿದ್ದು, ಕಾದಂಬರಿಗಳನ್ನೂ ಮಕ್ಕಳ ವಿಶ್ವಕೋಶವನ್ನೂ ವಿಜ್ಞಾನ ಗ್ರಂಥಗಳನ್ನೂ ರಚಿಸಿದರು. ರಾಜಧಾನಿಯಿಂದ ದೂರವಿದ್ದ ಆ ಗುಡ್ಡದ ಮನೆಯಿಂದ ಹೊರಟ ಬರಹವು ಅಂಚೆಯ ಮೂಲಕ ನಾಡನ್ನೆಲ್ಲ ಮುಟ್ಟಿತು. ಆ ಮನೆಯನ್ನು ಸ್ಮಾರಕವಾಗಿ ಕಾಪಾಡಲಾಗಿದೆ; ನಮ್ಮ ವಿದ್ಯಾರ್ಥಿನಿಯರು ಅದನ್ನು ನೋಡಿ ಬರುವುದು ಉತ್ತಮ.

ಇದಕ್ಕೆ ಎದುರಾದ ಇನ್ನೊಂದು ನೋಟವೂ ಉಂಟು. ೨೦೨೧ನೆಯ ಇಸವಿ ಜೂನ್ ತಿಂಗಳಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರು ಕಡೆಯ ಒಂದು ಹಳ್ಳಿಯಲ್ಲಿ ತೆಗೆದ ಛಾಯಾಚಿತ್ರವು ದೇಶದ ಪತ್ರಿಕೆಗಳಲ್ಲೆಲ್ಲ ಪ್ರಕಟವಾಯಿತು. ಹತ್ತನೆಯ ತರಗತಿಯ ಬಾಲಿಕೆಯೊಬ್ಬಳು ಮನೆಯಲ್ಲಿ ಮೊಬೈಲಿನ ಸಂಪರ್ಕ ದೊರೆಯದೆ ರಸ್ತೆಯ ಬದಿಯಲ್ಲಿ ಕುಳಿತು ಪಾಠ ಕೇಳುತ್ತಿದ್ದಳು. ಸುರಿಯುವ ಮಳೆಯಲ್ಲಿ ಅವಳ ತಂದೆಯು ಅವಳ ಮೇಲೆ ಕೊಡೆಯನ್ನು ಹಿಡಿದು ನಿಂತಿದ್ದರು. ಆ ಚಿತ್ರವನ್ನು ನೋಡಿ ಕಣ್ಣು ತೇವವಾಗದವರು ವಿರಳ. ಆದರೆ ಕನಿಕರಪಟ್ಟು ಸುಮ್ಮನಿರುವುದರಿಂದ ಏನು ಫಲ? ಆ ತಂದೆಯು ಮಾಡಿದ್ದಾದರೂ ಏನು? ಮಗಳ ಕೆಲಸವನ್ನು ಕೆಲಸವೆಂದು ತಿಳಿದು, ಅದಕ್ಕೆ ನೆನೆಯದ ಒಂದು ಮೊಳ ಜಾಗವನ್ನು ಮಾಡಿಕೊಟ್ಟರು. ಮನೆಯೊಳಗಣ ಕಚೇರಿಯೆಂದರೆ ಮೂಲತಃ ಇಷ್ಟೇ ಸರಿ. ಮೇಜು ಕುರ್ಚಿಗಳೆಲ್ಲ ಅನಂತರದ ಮಾತು.

ಇಂಗ್ಲೆಂಡಿನ ಲೇಖಕಿ ವರ್ಜೀನಿಯಾ ವೂಲ್ಫರು ೧೯೨೮ರಲ್ಲಿ ಕೇಂಬ್ರಿಜಿನ ಸ್ತ್ರೀಯರ ಕಾಲೇಜುಗಳಲ್ಲಿ ಮಾಡಿದ ಉಪನ್ಯಾಸಗಳ ಆಧಾರದಿಂದ ಮರುವರ್ಷ ಒಂದು ಪುಸ್ತಕವನ್ನು ಪ್ರಕಟಿಸಿದರು. ಬರೆಯಬೇಕೆಂಬ ಸ್ತ್ರೀಗೆ ಸ್ವಂತ ವರಮಾನವೂ ಸ್ವಂತ ಕೋಣೆಯೂ ಬೇಕೆಂಬುದು ಅದರ ಸಾರ. ನಮ್ಮ ಮನೆಗಳಲ್ಲಿ ಪ್ರತ್ಯೇಕ ಕೋಣೆಯು ಎಲ್ಲರಿಗೂ ದೊರೆಯುವಂತಿಲ್ಲ. ಆದಕಾರಣ ಒಂದು ಮೂಲೆಯಿಂದಲೇ ಆರಂಭಿಸೋಣ. ಆದರೆ ಆ ಮೂಲೆಯು ನಿಶ್ಚಿತವಾಗಿರಬೇಕು; ಇಂದು ಮಂಚ, ನಾಳೆ ಊಟದ ಮೇಜು, ನಾಡಿದ್ದು ಜಗಲಿ ಎಂದು ಅಲೆಯಬಾರದು.

ಮೊದಲನೆಯದಾಗಿ ಸ್ಥಳದ ಆಯ್ಕೆ. ಹಂಚಿನ ಮನೆಯ ಅಟ್ಟವು ಏಕಾಂತವಾಗಿರುವುದು ನಿಜವಾದರೂ ಮಾರ್ಚಿಯಿಂದ ಮೇ ತಿಂಗಳ ತನಕ ಮಧ್ಯಾಹ್ನದ ಹೊತ್ತಿನಲ್ಲಿ ಅಲ್ಲಿ ಕುಳಿತುಕೊಳ್ಳಲಾಗದು. ಜಗಲಿಯಲ್ಲಿ ಗಾಳಿ ಬೆಳಕುಗಳುಂಟು. ಆದರೆ ಮಳೆಗಾಲದ ಎರಚಲು ಒಳಗೆ ಬರುವುದು, ಹೋಗಿ ಬರುವವರೆಲ್ಲ ಮಾತನಾಡಿಸುವರು. ಅಡುಗೆಮನೆಯ ಬದಿಯಾದರೆ ಹೊಗೆಯೂ ಒಗ್ಗರಣೆಯೂ ಬರುವುದಲ್ಲದೆ, ಕರೆಯುವುದಕ್ಕೆ ಸುಲಭವಾಗುವುದರಿಂದ ಕರೆಗಳೂ ಹೆಚ್ಚುವುವು. ಜನರ ಓಡಾಟದ ದಾರಿಯಲ್ಲಿಲ್ಲದ, ಕಿಟಕಿಯುಳ್ಳ ಒಳಕೋಣೆಯ ಒಂದು ಮೂಲೆಯೇ ಉತ್ತಮ. ಮೇಜನ್ನು ಇಡುವುದಕ್ಕೆ ಮುಂಚೆ ಮೊಬೈಲನ್ನು ಕೈಯಲ್ಲಿ ಹಿಡಿದು ಮನೆಯ ಎಲ್ಲ ಭಾಗಗಳಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತೂ ಸಂಪರ್ಕವನ್ನು ಪರೀಕ್ಷಿಸತಕ್ಕದ್ದು. ಗುಡ್ಡಗಳ ನಡುವಣ ನಮ್ಮ ಊರುಗಳಲ್ಲಿ ಒಂದು ಗೋಡೆಯ ಆಚೆ ಈಚೆಗೆ ಬಹಳ ವ್ಯತ್ಯಾಸವಿರುವುದುಂಟು.

ಎರಡನೆಯದು ಬೆಳಕು. ಕಿಟಕಿಯು ಎದುರಿಗಿದ್ದರೆ ಕಣ್ಣು ಕೋರೈಸುವುದು. ಬೆನ್ನ ಹಿಂದಿದ್ದರೆ ಪರದೆಯ ಮೇಲೆ ಅದರ ಪ್ರತಿಬಿಂಬ ಬೀಳುವುದು. ಆದುದರಿಂದ ಕಿಟಕಿಯು ಮಗ್ಗುಲಲ್ಲಿರಬೇಕು. ಬಲಗೈಯಿಂದ ಬರೆಯುವವರಿಗೆ ಎಡ ಮಗ್ಗುಲಲ್ಲಿ. ಉತ್ತರದ ಕಿಟಕಿಯಿಂದ ವರ್ಷದ ಬಹುಭಾಗ ನೇರ ಬಿಸಿಲಿಲ್ಲದ ತಂಪು ಬೆಳಕು ಬರುತ್ತದೆ. ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಕ್ರಮೇಣ ಈ ಜಿಲ್ಲೆಯ ಹುಲ್ಲಿನ ಮಾಡುಗಳ ಬದಲಿಗೆ ಕೆಂಪು ಹಂಚಿನ ಮಾಡುಗಳು ಬಂದವು. ಅಂತಹ ಮಾಡಿನಲ್ಲಿ ಕತ್ತಲೆಯ ಕೋಣೆಗೆ ಒಂದು ಉಪಾಯವುಂಟು: ಎರಡು ಹಂಚುಗಳನ್ನು ತೆಗೆದು ಗಾಜಿನ ಹಂಚುಗಳನ್ನು ಹೊದಿಸಿದರೆ ಖರ್ಚಿಲ್ಲದೆ ಹಗಲಿಡೀ ಬೆಳಕು. ಬಿಸಿಲಿನ ಕೋಲು ನೇರವಾಗಿ ಮೇಜಿನ ಮೇಲೆ ಬೀಳದಂತೆ ಸ್ವಲ್ಪ ಅತ್ತಿತ್ತ ಹೊದಿಸಬೇಕು, ಅಷ್ಟೆ. ಆಟಿ ತಿಂಗಳಲ್ಲಿ ಹಗಲೇ ಕತ್ತಲೆ ಕವಿಯುವಾಗ ಮೇಜಿನ ಮೇಲೆ ಒಂದು ಸಣ್ಣ ದೀಪವು ಅವಶ್ಯ. ಕತ್ತಲೆಯ ಕೋಣೆಯಲ್ಲಿ ಪರದೆ ಮಾತ್ರ ಬೆಳಗುತ್ತಿದ್ದರೆ ಕಣ್ಣಿಗೆ ಆಯಾಸವಾಗುವುದು. ಕಣ್ಣಿನ ವಿಶ್ರಾಂತಿಗೆ ವೈದ್ಯರು ಹೇಳುವ ಒಂದು ಸುಲಭ ನಿಯಮವುಂಟು: ೨೦ ನಿಮಿಷಗಳಿಗೊಮ್ಮೆ, ೨೦ ಅಡಿಗಳಿಗಿಂತ ದೂರದ ವಸ್ತುವನ್ನು, ೨೦ ಸೆಕೆಂಡುಗಳ ಕಾಲ ನೋಡುವುದು. ಕಿಟಕಿಯ ಹೊರಗೆ ಅಡಿಕೆ ಮರದ ಹಿಂಗಾರವನ್ನು ನೋಡುವ ಭಾಗ್ಯವುಳ್ಳ ನಮಗೆ ಇದು ಕಷ್ಟವಲ್ಲ.

ಮೂರನೆಯದು ಆಸನ. ಅನೇಕರು ಇಲ್ಲಿಯೇ ತಪ್ಪುವರು. ಕುರ್ಚಿಯ ಎತ್ತರವು ಮಂಡಿಯ ಹಿಂಭಾಗದಿಂದ ನೆಲದ ತನಕ ಇರುವಷ್ಟೇ ಇರಬೇಕು, ಪಾದಗಳು ಪೂರ್ಣವಾಗಿ ನೆಲವನ್ನು ಮುಟ್ಟಬೇಕು, ಸೊಂಟಕ್ಕೆ ಆಧಾರವಿರಬೇಕು. ಭುಜಗಳನ್ನು ಸಡಿಲಬಿಟ್ಟು ಮೊಣಕೈಯನ್ನು ಮಡಚಿದಾಗ ಮುಂಗೈಯು ಎಲ್ಲಿ ನಿಲ್ಲುವುದೋ ಅದೇ ಮೇಜಿನ ಸರಿಯಾದ ಎತ್ತರ. ಊಟದ ಮೇಜು ಸಾಮಾನ್ಯವಾಗಿ ೩೦ ಅಂಗುಲ ಎತ್ತರವಿರುತ್ತದೆ. ಐದಡಿಯ ಹೆಣ್ಣುಮಗಳಿಗೆ ೨೫ ಅಥವಾ ೨೬ ಅಂಗುಲವೇ ಸಾಕು. ಎತ್ತರದ ಮೇಜಿನಲ್ಲಿ ದಿನವೂ ಭುಜವೆತ್ತಿ ಕೆಲಸ ಮಾಡುವವಳಿಗೆ ಕೆಲವು ತಿಂಗಳಲ್ಲಿಯೇ ಕುತ್ತಿಗೆ ನೋವು ಬಂದರೆ ಆಶ್ಚರ್ಯವೇನು? ಹೊಸ ಮೇಜನ್ನು ಮಾಡಿಸುವವರು ಬಡಗಿಯನ್ನು ಮನೆಗೆ ಕರೆಯಿಸಿ, ಕುಳಿತುಕೊಳ್ಳುವವಳ ಅಳತೆಯನ್ನೇ ತೆಗೆಯಿಸತಕ್ಕದ್ದು; ಮನೆಯ ಯಜಮಾನರ ಅಳತೆಯನ್ನಲ್ಲ. ಹಳೆಯ ಮೇಜೇ ಇರುವುದಾದರೆ, ಕುರ್ಚಿಯ ಮೇಲೆ ಗಟ್ಟಿಯಾದ ಹಾಸನ್ನಿಟ್ಟು ಏರಿಸಿ, ಪಾದಗಳ ಕೆಳಗೆ ಹಳೆಯ ಮಣೆಯೊಂದನ್ನು ಇಟ್ಟುಕೊಂಡರೆ ಸಾಕಾಗುವುದು.

ಲ್ಯಾಪ್‌ಟಾಪ್ ಎಂದು ಕರೆಯುವ ಮಡಚುವ ಗಣಕಯಂತ್ರದಲ್ಲಿ ಪರದೆಯೂ ಕೀಲಿಮಣೆಯೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ, ಕೈಗೆ ಅನುಕೂಲವಾದರೆ ಕುತ್ತಿಗೆ ಬಾಗುವುದು, ಕುತ್ತಿಗೆಗೆ ಅನುಕೂಲವಾದರೆ ಕೈ ಏರುವುದು. ಇದಕ್ಕೆ ಪರಿಹಾರವು ಸುಲಭ. ಯಂತ್ರವನ್ನು ನಾಲ್ಕಾರು ದಪ್ಪ ಪುಸ್ತಕಗಳ ಮೇಲಿಟ್ಟು, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವಂತೆಯೂ, ಪರದೆಯು ತೋಳು ಚಾಚಿದಷ್ಟು ದೂರವಿರುವಂತೆಯೂ ಮಾಡಿ, ಬೇರೊಂದು ಕೀಲಿಮಣೆಯನ್ನು ಮೇಜಿನ ಮೇಲಿಟ್ಟುಕೊಳ್ಳುವುದು. ಎಷ್ಟೇ ಒಳ್ಳೆಯ ಆಸನವಾದರೂ ಗಂಟೆಗೊಮ್ಮೆ ಎದ್ದು ಅಂಗಳದಲ್ಲಿ ಒಂದು ಸುತ್ತು ಬರದಿದ್ದರೆ ಪ್ರಯೋಜನವಿಲ್ಲ.

ನಾಲ್ಕನೆಯದಾಗಿ ಮಳೆಯ ವಿಚಾರ. ವರ್ಷಕ್ಕೆ ೩೫೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಸೀಮೆಯಲ್ಲಿ, ಬೇರೆ ಊರಿನ ಪುಸ್ತಕಗಳು ಹೇಳದ ಕೆಲವು ಎಚ್ಚರಿಕೆಗಳು ಬೇಕು. ಮುರಕಲ್ಲಿನ ಗೋಡೆಯು ಮಳೆಗಾಲದಲ್ಲಿ ನೀರನ್ನು ಹೀರುವುದರಿಂದ ಮೇಜನ್ನೂ ಕಪಾಟನ್ನೂ ಗೋಡೆಗೆ ಒತ್ತಿಸದೆ ನಾಲ್ಕು ಬೆರಳು ಬಿಟ್ಟು ಇಡತಕ್ಕದ್ದು. ಗಾಳಿಯಾಡಿದಲ್ಲಿ ಬೂಷ್ಟು ಕಡಿಮೆ, ಗೆದ್ದಲು ಹತ್ತಿದರೂ ಬೇಗನೆ ಕಾಣುವುದು. ದಸ್ತಾವೇಜು, ಅಂಕಪಟ್ಟಿ ಮೊದಲಾದವನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ, ತೇವವನ್ನು ಹೀರುವ ಸಿಲಿಕಾ ಹರಳಿನ ಪೊಟ್ಟಣಗಳೊಂದಿಗೆ ಇಡುವುದು ಒಳ್ಳೆಯದು. ಗಣಕಯಂತ್ರವನ್ನು ವಾರಗಟ್ಟಲೆ ಮುಚ್ಚಿಡುವುದಕ್ಕಿಂತ ದಿನವೂ ಸ್ವಲ್ಪ ಹೊತ್ತು ನಡೆಯಿಸುವುದೇ ಲೇಸು. ಅದರ ಬಿಸಿಯಿಂದಲೇ ತೇವವು ಆರುವುದು.

ಐದನೆಯದು ಸಿಡಿಲು. ನಮ್ಮಲ್ಲಿ ಸಿಡಿಲಿನ ಭಯವು ಮಳೆಗಾಲದ ನಡುವಿಗಿಂತ ಅದರ ಮುಂಚೆ ಏಪ್ರಿಲ್ ಮೇ ತಿಂಗಳಲ್ಲಿಯೂ, ಅನಂತರ ಅಕ್ಟೋಬರ್ ನವೆಂಬರಿನಲ್ಲಿಯೂ ಹೆಚ್ಚು. ನಾವು ಒಮ್ಮೆ ಏಪ್ರಿಲಿನ ಒಂದು ಸಂಜೆ, ಗುಡುಗು ಇನ್ನೂ ದೂರದಲ್ಲಿದೆಯೆಂದು ಉದಾಸೀನಮಾಡಿ ಪ್ಲಗ್ಗನ್ನು ತೆಗೆಯದೆ ಚಹಾ ಕುಡಿಯುತ್ತ ಕುಳಿತೆವು. ಒಂದೇ ಹೊಡೆತಕ್ಕೆ ರೂಟರ್ ಪೆಟ್ಟಿಗೆಯು ಸುಟ್ಟು ವಾಸನೆ ಬಂದಿತು. ಮಾರನೆಯ ದಿನ ಒಪ್ಪಿಸಬೇಕಾಗಿದ್ದ ಕೆಲಸವು ನಾಲ್ಕು ದಿನ ತಡವಾಯಿತು, ಮತ್ತು ಆ ಕೆಲಸವು ಪುನಃ ನಮ್ಮ ಬಳಿಗೆ ಬರಲಿಲ್ಲ. ಗುಂಡಿಯನ್ನು ಒತ್ತಿ ನಿಲ್ಲಿಸಿದರೆ ಸಾಲದು. ಪ್ಲಗ್ಗನ್ನೇ ಗೋಡೆಯಿಂದ ಕೀಳಬೇಕೆಂಬುದನ್ನು ನಾವು ಹೀಗೆ ಬೆಲೆ ಕೊಟ್ಟು ಕಲಿತೆವು. ಈಚೆಗೆ ಬಂದಿರುವ ಗಾಜಿನ ಎಳೆಯ ಸಂಪರ್ಕದಲ್ಲಿ, ಹಳೆಯ ತಾಮ್ರದ ತಂತಿಯಲ್ಲಿ ಬರುವಂತೆ ಸಿಡಿಲಿನ ವಿದ್ಯುತ್ತು ಎಳೆಯ ಮೂಲಕ ಬರಲಾರದು. ಆದರೂ ಆ ಪೆಟ್ಟಿಗೆಗೆ ಕರೆಂಟನ್ನು ಕೊಡುವ ತಂತಿಯಿಂದ ಬರಬಹುದಷ್ಟೆ. ಮನೆಯ ಭೂಸಂಪರ್ಕದ ಗುಂಡಿಯನ್ನು ತಿಳಿದವರಿಂದ ಪರೀಕ್ಷಿಸಿ, ನೆಲವು ಒಣಗುವ ಬೇಸಿಗೆಯಲ್ಲಿ ಆಗಾಗ ಅದಕ್ಕೆ ನೀರೆರೆಯುತ್ತಿರಬೇಕು.

ಆರನೆಯದು ವಿದ್ಯುತ್ತು ನಿಂತಾಗಿನ ಏರ್ಪಾಡು. ಗಾಳಿಮಳೆಗೆ ಮರ ಬಿದ್ದು ತಂತಿ ಕಡಿದರೆ ಹಳ್ಳಿಗಳಲ್ಲಿ ಕೆಲವೊಮ್ಮೆ ಇಡೀ ದಿನ ಕರೆಂಟು ಇರದು. ಎಷ್ಟು ಸಾಮರ್ಥ್ಯದ ಬ್ಯಾಟರಿ ಬೇಕೆಂಬುದನ್ನು ಅಂಗಡಿಯವರ ಮಾತಿನಿಂದಲ್ಲ, ಲೆಕ್ಕದಿಂದ ತಿಳಿಯಬಹುದು. ಗಣಕಯಂತ್ರಕ್ಕೆ ೬೦ ವಾಟ್, ಫ್ಯಾನಿಗೆ ೬೦, ದೀಪಕ್ಕೆ ೧೦, ರೂಟರಿಗೆ ೧೫, ಒಟ್ಟು ೧೪೫ ವಾಟ್ ಎಂದಿಟ್ಟುಕೊಳ್ಳೋಣ. ೧೨ ವೋಲ್ಟಿನ, ೧೫೦ ಆಂಪಿಯರ್ ಗಂಟೆಯ ಬ್ಯಾಟರಿಯಲ್ಲಿ ೧೨ನ್ನು ೧೫೦ರಿಂದ ಗುಣಿಸಿದರೆ ೧೮೦೦ ವಾಟ್ ಗಂಟೆಗಳಷ್ಟು ಶಕ್ತಿಯಿರುತ್ತದೆ. ನಷ್ಟವನ್ನು ಕಳೆದು, ಬ್ಯಾಟರಿಯ ಬಾಳಿಕೆಗಾಗಿ ಸ್ವಲ್ಪ ಉಳಿಸಿ, ೧೦೦೦ ಮಾತ್ರ ಬಳಸುವೆವೆಂದರೂ ಸುಮಾರು ಏಳು ಗಂಟೆಗಳ ಕೆಲಸ ನಡೆಯುವುದು. ನೀರು ತುಂಬುವ ಬ್ಯಾಟರಿಯು ಚಾರ್ಜಾಗುವಾಗ ಬೆಂಕಿ ಹತ್ತುವಂತಹ ಜಲಜನಕ ವಾಯುವನ್ನು ಬಿಡುವುದರಿಂದ ಅದನ್ನು ಮಲಗುವ ಕೋಣೆಯಲ್ಲಾಗಲಿ ಒಲೆಯ ಸಮೀಪದಲ್ಲಾಗಲಿ ಇಡಕೂಡದು. ಗಾಳಿಯಾಡುವ ಸ್ಥಳದಲ್ಲಿಟ್ಟು, ಬಟ್ಟಿ ಇಳಿಸಿದ ನೀರನ್ನೇ ಹಾಕತಕ್ಕದ್ದು.

ಸಂಪರ್ಕಕ್ಕೂ ಇದೇ ನ್ಯಾಯ. ಒಂದೇ ಹಗ್ಗವನ್ನು ನಂಬಿ ಬಾವಿಗೆ ಇಳಿಯುವವರುಂಟೇ? ಮರದಿಂದ ಮರಕ್ಕೆ ಎಳೆದ ಎಳೆಯು ಕೊಂಬೆ ಬಿದ್ದು ಕಡಿಯಬಹುದು. ಆದಕಾರಣ ಬೇರೊಂದು ಕಂಪೆನಿಯ ಮೊಬೈಲ್ ಸಂಪರ್ಕವೊಂದು ಕೈಯಲ್ಲಿರಲಿ. ಸಂಪರ್ಕವು ಕ್ಷೀಣವಾಗಿರುವಾಗ ಮುಖವನ್ನು ತೋರಿಸುವುದನ್ನು ಬಿಟ್ಟು ಧ್ವನಿಯನ್ನು ಮಾತ್ರ ಕಳುಹಿಸಿದರೆ ಮಾತು ಕಡಿಯದು.

ಇಷ್ಟೆಲ್ಲ ಆದರೂ ಕಚೇರಿಯು ಪೂರ್ಣವಾಗಲಿಲ್ಲ. ಏಳನೆಯದೂ ಎಲ್ಲಕ್ಕಿಂತ ಮುಖ್ಯವಾದದ್ದೂ ಯಾವುದೆಂದರೆ, ಗಂಟೆಗಳ ಮರ್ಯಾದೆ. ಗಂಡು ಮಗನು ಗಣಕಯಂತ್ರದ ಮುಂದೆ ಕುಳಿತರೆ "ಅವನಿಗೆ ಕೆಲಸವುಂಟು, ಮಾತನಾಡಿಸಬೇಡಿ" ಎನ್ನುವ ಮನೆಯಲ್ಲಿಯೇ, ಮಗಳೋ ಸೊಸೆಯೋ ಕುಳಿತರೆ "ಹೇಗೂ ಮನೆಯಲ್ಲೇ ಇದ್ದೀಯಲ್ಲ ಮಗಾ, ನೆಂಟರು ಬಂದಿದ್ದಾರೆ, ಒಂದು ಚಹಾ ಮಾಡು" ಎಂಬ ಕರೆ ಬರುವುದನ್ನು ನಾವು ಕಂಡಿರುತ್ತೇವೆ. ಕರೆಯುವವರಲ್ಲಿ ದುರುದ್ದೇಶವಿಲ್ಲ. ಅಮ್ಮನೂ ಅತ್ತೆಯೂ ತಮ್ಮ ಆಯುಸ್ಸಿನಲ್ಲಿ ಕರೆದಾಗಲೆಲ್ಲ ಎದ್ದವರೇ. ಎದ್ದು ಹೋಗದೆ ಕುಳಿತುಕೊಳ್ಳುವ ಕೆಲಸವನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ. ಆದರೆ ಲೆಕ್ಕದ ನಡುವೆ ಎದ್ದವಳು ಪುನಃ ಬಂದು ಕುಳಿತಾಗ ಬಿಟ್ಟ ಸ್ಥಳವನ್ನು ಹುಡುಕುವುದಕ್ಕೇ ಬಹಳ ಹೊತ್ತು ಹಿಡಿಯುವುದು. ದಿನಕ್ಕೆ ಹತ್ತು ಸಲ ಎದ್ದವಳ ಕೆಲಸವು ರಾತ್ರಿಗೆ ಬೀಳುವುದು. ರಾತ್ರಿಯ ಕೆಲಸವು ನಿದ್ರೆಯನ್ನು ತಿನ್ನುವುದು. ಕೊನೆಗೆ "ಇವಳಿಂದ ಆಗದು" ಎಂಬ ಮಾತು ಅವಳ ಮೇಲೆಯೇ ಬರುವುದು.

ಇದಕ್ಕೆ ಜಗಳದಿಂದ ಪರಿಹಾರವಿಲ್ಲ, ಏರ್ಪಾಡಿನಿಂದ ಉಂಟು. ಕೆಲಸವನ್ನು ಆರಂಭಿಸುವುದಕ್ಕೆ ಮುಂಚೆ ಮನೆಯವರೆಲ್ಲರೊಡನೆ ಕುಳಿತು, ಇಂತಿಂಥ ಗಂಟೆಗಳು ಕೆಲಸದವು ಎಂದು ನಿಶ್ಚಯಿಸಿ, ಚೀಟಿಯಲ್ಲಿ ಬರೆದು ಬಾಗಿಲ ಬಳಿ ಅಂಟಿಸತಕ್ಕದ್ದು. ಯಾವ ಸಂದರ್ಭದಲ್ಲಿ ಕರೆಯಬಹುದೆಂಬುದನ್ನೂ ಅದರಲ್ಲಿ ಬರೆಯಬೇಕು. ಅಂಗಳದಲ್ಲಿ ಅಡಿಕೆ ಹರಡಿರುವಾಗ ಮೋಡ ಕವಿದು ಮಳೆ ಬಂದಿತೆಂದರೆ, ಯಾವ ಕಚೇರಿಯ ಯಾವ ಕೆಲಸವಿದ್ದರೂ ಎದ್ದು ಓಡುವುದೇ ನಮ್ಮ ಸೀಮೆಯ ಧರ್ಮ. ಮನೆಯಲ್ಲಿ ರೋಗಿಗಳಿದ್ದರೆ ಅದೂ ಹಾಗೆಯೇ. ಆದರೆ ಚಹಾ ಹತ್ತು ನಿಮಿಷ ತಡೆದರೆ ಯಾರಿಗೂ ಕೇಡಿಲ್ಲ. ಅದನ್ನು ಮಾಡಬಲ್ಲ ಕೈಗಳು ಮನೆಯಲ್ಲಿ ಬೇರೆಯೂ ಇರುತ್ತವೆ. ಕೆಲಸದವಳೂ ತನ್ನ ಪಾಲಿನ ನಿಯಮವನ್ನು ಪಾಲಿಸಬೇಕು. ಬೆಳಿಗ್ಗೆ ಆ ದಿನದ ಮೂರು ಮುಖ್ಯ ಕೆಲಸಗಳನ್ನು ಪುಸ್ತಕದಲ್ಲಿ ಬರೆದು ಆರಂಭಿಸಬೇಕು. ಗಂಟೆಯಾದೊಡನೆ ಯಂತ್ರವನ್ನು ಮುಚ್ಚಿ ಎದ್ದುಬಿಡಬೇಕು. ಕೆಲಸದ ಹೊತ್ತಿನಲ್ಲಿ ಮನೆಯವರು ಅವಳನ್ನು ಬಿಟ್ಟುಕೊಟ್ಟಂತೆ, ಅನಂತರ ಅವಳು ತನ್ನನ್ನು ಮನೆಯವರಿಗೆ ಪೂರ್ಣವಾಗಿ ಕೊಡಬೇಕು.

ಖರ್ಚಿನ ಕ್ರಮವನ್ನು ಹೇಳಿ ಮುಗಿಸುವೆವು. ಹಣವು ಸ್ವಲ್ಪವೇ ಇರುವುದಾದರೆ ಮೊದಲು ಒಳ್ಳೆಯ ಕುರ್ಚಿ, ಆಮೇಲೆ ದೀಪ, ಆಮೇಲೆ ಭೂಸಂಪರ್ಕದ ದುರಸ್ತಿ, ಅನಂತರ ಬ್ಯಾಟರಿ, ಎಲ್ಲಕ್ಕೂ ಕೊನೆಗೆ ಹೊಸ ಮೇಜು. ಚಂದಕ್ಕಾಗಿ ತರುವ ವಸ್ತುಗಳು ಈ ಪಟ್ಟಿಯಲ್ಲಿಲ್ಲ. ಗಂಟೆಗಳ ಮರ್ಯಾದೆಗಾದರೋ ಒಂದು ಕಾಸೂ ಬೇಡ. ಹೀಗಿದ್ದರೂ ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ದುರ್ಲಭವಾದದ್ದು ಅದೇ.

ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಕೆಲವರು ಪಟ್ಟಣಗಳಿಗೆ ಹೋಗುವಿರಿ. ಕೆಲವರು ಕುಮಾರಧಾರಾ, ಪಯಸ್ವಿನಿಗಳ ದಡದ ಮನೆಗಳಲ್ಲಿಯೇ ಇದ್ದು ದುಡಿಯುವಿರಿ. ಎಲ್ಲಿದ್ದರೂ ನಿಮ್ಮ ಮೂಲೆಯನ್ನು ನೀವೇ ಕೇಳಿ ಪಡೆಯಿರಿ. ಹೆತ್ತವರಲ್ಲಿ ನಮ್ಮ ಬಿನ್ನಹವಿಷ್ಟೇ: ಗುತ್ತಿಗಾರಿನ ಆ ತಂದೆಯು ಮಳೆಯಲ್ಲಿ ನಿಂತು ಹಿಡಿದ ಕೊಡೆಯನ್ನು ನೀವು ಮನೆಯ ಮಾಡಿನ ಕೆಳಗೇ ಹಿಡಿಯಬಹುದು. ಮಗಳು ಕೆಲಸಕ್ಕೆ ಕುಳಿತಿರುವಾಗ ಆ ಬಾಗಿಲನ್ನು ಮೆಲ್ಲನೆ ಎಳೆದುಕೊಳ್ಳಿರಿ; ಅಷ್ಟು ಮಾಡಿದರೆ ಸಾಕು.